ಹಡಗು ಬಂತು, ಮಗ ಕಾಣಲಿಲ್ಲ

ಕಳೆದ ತಿಂಗಳು ನಮ್ಮ ಓಣಿಯ ಇಬ್ಬರು ಹುಡುಗರು ಮನೆಗೆ ಬಂದು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಯುದ್ಧ ಮುಗಿಸಿದ ಹಡಗೊಂದು ಬಂದರಿಗೆ ಬರುತ್ತಿದೆ. ಅದರ ಅಂಚಿನುದ್ದಕ್ಕೂ ಬಿಳಿ ಉಡುಪಿನ ನಾವಿಕರು ಕೆತ್ತಿ ನಿಲ್ಲಿಸಿದ ಹಾಗೆ ನಿಂತಿದ್ದಾರೆ. ದಂಡೆಯ ಮೇಲೆ ಬ್ಯಾಂಡು, ಹೂವು, ಬಾವುಟ. ಹಿಂದಿನಿಂದ ಯಾವುದೋ ಹಾಡು ಬೇರೆ ಅಂಟಿಸಿದ್ದರು.

“ಕಾಕಾ, ಮೈಮ್ಯಾಗಿನ ಕೂದಲಾ ನಿಂದರ್ತಾವ ನೋಡ್ರಿ,” ಎಂದ ಒಬ್ಬ. “ನೀವೂ ಹಿಂಗ ನಿಂತಿದ್ರೇನ್ರಿ?”

ನಾನು ನಿಂತದ್ದು ಕಡಿಮೆ, ನಿಲ್ಲಿಸಿದ್ದು ಹೆಚ್ಚು. ನೌಕಾಪಡೆಯಲ್ಲಿ ನನ್ನ ಕೆಲಸ ಕವಾಯತು ಕಲಿಸುವುದಾಗಿತ್ತು. ಸಮುದ್ರದಿಂದ ಬಂದವರನ್ನು ಸಾಲು ಹಚ್ಚಿಸಿ, ನೆಟ್ಟಗೆ ನಿಲ್ಲಿಸಿ, ದೊಡ್ಡವರು ಬಂದಾಗ ಸಲಾಮಿ ಹೊಡೆಸುವುದು. ಈ ಹುಡುಗರಿಬ್ಬರೂ ದಿನಾ ನಸುಕಿನಲ್ಲಿ ಹೆದ್ದಾರಿಯ ಬದಿಗೆ ಓಡಿ ಸೇನಾ ಭರ್ತಿಗೆ ತಯಾರಾಗುತ್ತಿದ್ದಾರೆ. ಆ ವಿಡಿಯೊ ನೋಡಿ ನನ್ನ ತಲೆ ಕೆಟ್ಟಿತು. ಅವರಿಗೆ ಚಹಾ ಕುಡಿಸಿ ಕಳಿಸಿದೆ. ಹೇಳಬೇಕಾದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಹಡಗು, ಯಾವ ಬಂದರು, ಯಾವ ಯುದ್ಧ ಎಂದು ಬರೆಯುವುದಿಲ್ಲ. ನಿವೃತ್ತಿಯಾದರೂ ನೌಕರಿಯ ಕಟ್ಟುಪಾಡು ಬಿಟ್ಟಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಾನು ನೌಕಾಪಡೆ ಸೇರುವಾಗ ನೋಡಿದ್ದ ದೊಡ್ಡ ನೀರೆಂದರೆ ಕೂಡಲಸಂಗಮದ ಹೊಳೆ. ಸಮುದ್ರ ಕಂಡು ಹೆದರಿದ್ದೆ. ಆದರೆ ನನ್ನ ಪಾಲಿಗೆ ಬಂದದ್ದು ಸಮುದ್ರಕ್ಕಿಂತ ಹೆಚ್ಚಾಗಿ ಕವಾಯತಿನ ಮೈದಾನ. ನನಗೆ ಕಲಿಸಿದ ಉಸ್ತಾದ್ ಪಂಜಾಬಿನವರು. ಬಿಳಿ ಮೀಸೆ, ಒಡೆದ ದನಿ. ಬಿಸಿಲಲ್ಲಿ ಅಲುಗಾಡದೆ ನಿಲ್ಲುವುದಕ್ಕೂ ವಿದ್ಯೆ ಬೇಕು ಎಂದು ಅವರಿಂದ ಕಲಿತೆ. ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಿರಬೇಕು, ಮೊಣಕಾಲನ್ನು ಬಿಗಿಯಾಗಿ ಹಿಂದಕ್ಕೆ ತಳ್ಳಬಾರದು, ಬೆಳಿಗ್ಗೆ ಉಪ್ಪು ಹಾಕಿದ ನೀರು ಕುಡಿದಿರಬೇಕು. ಇಷ್ಟು ಮಾಡಿಯೂ ಜನ ಬೀಳುತ್ತಿದ್ದರು. ಕಡಿದ ಮರದಂತೆ ಮುಖ ಅಡಿಯಾಗಿ ಬೀಳುತ್ತಿದ್ದರು. ಒಬ್ಬನ ಹಲ್ಲು ಮುರಿದದ್ದನ್ನು ನೋಡಿದ್ದೇನೆ. ಪಕ್ಕದವನು ಕೈ ಚಾಚುವಂತಿಲ್ಲ, ಬಗ್ಗಿ ನೋಡುವಂತಿಲ್ಲ. ಸ್ಟ್ರೆಚರಿನವರು ಬರುವವರೆಗೂ ಬಿದ್ದವನು ಬಿದ್ದೇ ಇರಬೇಕು. ವೇದಿಕೆಯ ಮೇಲಿನವರು ಮಾತ್ರ ಛತ್ರಿಯ ನೆರಳಲ್ಲಿ ಕುಳಿತಿರುತ್ತಾರೆ. ಅವರು ಬರುವುದು ಎಂದೂ ತಡವಾಗಿಯೇ. ಹೊತ್ತಿಗೆ ಸರಿಯಾಗಿ ಬಂದ ಮುಖ್ಯ ಅತಿಥಿಯನ್ನು ನನ್ನ ಇಡೀ ನೌಕರಿಯಲ್ಲಿ ನಾನು ನೋಡಲಿಲ್ಲ.

ಒಮ್ಮೆ ಹೀಗಾಯಿತು. ದೂರದ ಕಾರ್ಯಾಚರಣೆ ಮುಗಿಸಿ ಬಂದ ಹಡಗಿನ ಸ್ವಾಗತ. ಗೌರವ ವಂದನೆಯ ಗಾರ್ಡು ಸಜ್ಜಾಗಿ ನಿಂತು ಹೊತ್ತಾಗಿದೆ, ಅತಿಥಿಯ ಸುಳಿವಿಲ್ಲ. ಕೊನೆಗೆ ಗೇಟಿನಿಂದ ಒಂದು ಬಿಳಿ ಕಾರು ಭರ್ರನೆ ಬಂದು ವೇದಿಕೆಯ ಮುಂದೆ ನಿಂತಿತು. ಪರೇಡಿನ ಕಮಾಂಡರು ಗಂಟಲು ಹರಿಯುವ ಹಾಗೆ ಸಲಾಮಿಯ ಆದೇಶ ಕೊಟ್ಟರು. ಬಂದೂಕುಗಳೆಲ್ಲ ಒಮ್ಮೆಗೇ ಮೇಲೆದ್ದವು, ಬ್ಯಾಂಡು ಶುರುವಾಯಿತು. ಕಾರಿನಿಂದ ಇಳಿದದ್ದು ಅಡುಗೆಯ ಗುತ್ತಿಗೆದಾರನ ಇಬ್ಬರು ಆಳುಗಳು. ಇಬ್ಬರ ಕೈಯಲ್ಲೂ ಲಾಡಿನ ದೊಡ್ಡ ಡಬ್ಬಿ. ಬಂದೂಕು ಕಂಡು ಹೆದರಿ ಅವರು ಡಬ್ಬಿ ಎತ್ತಿಕೊಂಡೇ ನಿಂತುಬಿಟ್ಟರು. ನಡುವೆ ನಿಲ್ಲಿಸಲು ಬಾರದೆ ಬ್ಯಾಂಡಿನವರು ಪೂರ್ತಿ ನುಡಿಸಿದರು. ಸಾಹೇಬರು ಆಮೇಲೆ ಕೆಂಡವಾದರು. ನಮ್ಮ ಉಸ್ತಾದ್ ಮಾತ್ರ ಮೀಸೆಯಲ್ಲೇ ನಗುತ್ತ, “ಇವತ್ತಿನ ಅತಿಥಿಗಳಲ್ಲಿ ಬೆಳಗಿನಿಂದ ಏನಾದರೂ ಕೆಲಸ ಮಾಡಿದವರು ಅವರಿಬ್ಬರೇ,” ಎಂದರು. ನನ್ನ ನೌಕರಿಯಲ್ಲಿ ಮನಸಾರೆ ನಕ್ಕ ಸ್ವಾಗತ ಅದೊಂದೇ.

ಉಸ್ತಾದರ ಕಾಲದಲ್ಲಿ ಹಡಗು ಬರುವುದೆಂದರೆ ಒಂದು ಸಣ್ಣ ಬ್ಯಾಂಡು, ತಗಡಿನ ನೆರಳಿನಲ್ಲಿ ಕಾದ ಹೆಂಗಸರು ಮಕ್ಕಳು, ಅಷ್ಟೆ. ಹಡಗನ್ನು ದಂಡೆಗೆ ಹಗ್ಗದಿಂದ ಬಿಗಿದ ಕೂಡಲೇ ಹುಡುಗರು ಇಳಿದು ತಮ್ಮವರ ಕಡೆ ಹೋಗುತ್ತಿದ್ದರು. ನಾನು ಕಲಿಸುವ ಹುದ್ದೆಗೆ ಬರುವ ಹೊತ್ತಿಗೆ ಎಲ್ಲ ಬದಲಾಯಿತು. ಕಾರ್ಯಕ್ರಮ ನಡೆಸಿಕೊಡುವ ಖಾಸಗಿ ಕಂಪನಿಗಳು ಬಂದವು. ತಲೆಯ ಮೇಲೆ ಡ್ರೋನು ಹಾರತೊಡಗಿತು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗಿಯೊಬ್ಬಳು ಒಬ್ಬ ನಾವಿಕನ ಹೆಂಡತಿಗೆ, “ಮೇಡಂ, ಅಳು ಸರಿಯಾಗಿ ಬರಲಿಲ್ಲ, ಅಲ್ಲಿಂದ ಇನ್ನೊಮ್ಮೆ ಓಡಿ ಬನ್ನಿ,” ಎಂದು ಹೇಳುವುದನ್ನು ನನ್ನ ಕಿವಿಯಾರೆ ಕೇಳಿದೆ. ಆ ಹೆಣ್ಣುಮಗಳು ಪಾಪ, ಓಡಿ ಬಂದಳು. ಗಂಡ ಮತ್ತೆ ಏಣಿ ಹತ್ತಿ ಮತ್ತೆ ಇಳಿದ. ಎರಡನೆಯ ಸಲ ಇಬ್ಬರ ಕಣ್ಣಲ್ಲೂ ನೀರಿರಲಿಲ್ಲ. ನೀವು ಮೊಬೈಲಿನಲ್ಲಿ ನೋಡುವುದು ಆ ಎರಡನೆಯ ಸಲದ್ದು.

ಇನ್ನು ಮಹಾಂತೇಶನೆಂಬ ಹುಡುಗನ ವಿಷಯ.

ಕಾದಾಟ ನಿಂತು ಹಡಗುಗಳು ಒಂದೊಂದಾಗಿ ಮರಳುತ್ತಿದ್ದವು. ಅದರಲ್ಲಿ ಒಂದಕ್ಕೆ ಭಾರೀ ಸ್ವಾಗತ ಎಂದು ನಿಶ್ಚಯವಾಯಿತು. ಹಡಗು ಬೆಳಿಗ್ಗೆಯೇ ಬಂದು ಬಂದರಿನ ಹೊರಗೆ ಲಂಗರು ಹಾಕಿತು. ಆದರೆ ಮುಖ್ಯ ಅತಿಥಿಗೆ ಅವತ್ತು ಬಿಡುವಿಲ್ಲ, ನಾಳೆ ಬರುತ್ತಾರಂತೆ. ತಿಂಗಳುಗಟ್ಟಲೆ ನೀರಿನ ಮೇಲಿದ್ದ ಜನ ಊರಿನ ಕಟ್ಟಡಗಳು ಕಾಣುವಷ್ಟು ಹತ್ತಿರಕ್ಕೆ ಬಂದು, ಒಬ್ಬ ಮನುಷ್ಯನ ಬಿಡುವಿಗಾಗಿ ಅಲ್ಲೇ ನಿಂತರು. ಸುಮ್ಮನೆ ನಿಲ್ಲಲಿಕ್ಕೂ ಬಿಡಲಿಲ್ಲ. ಹಡಗಿನ ತುಕ್ಕು ಕೆರೆದು ಬಣ್ಣ ಬಳಿಯಲು ಹಚ್ಚಿದರು. ಅವರಿಗೆ ತಾಲೀಮು ಮಾಡಿಸಲು ನನ್ನನ್ನು ದೋಣಿಯಲ್ಲಿ ಕಳಿಸಿದರು.

ಡೆಕ್ಕಿನ ಮೇಲೆ ಅವರನ್ನು ಸಾಲು ಹಚ್ಚುತ್ತಿದ್ದಾಗ ನನ್ನ ಬಾಯಿಂದ ಅಭ್ಯಾಸಬಲದಿಂದ ಒಂದು ಕನ್ನಡ ಬೈಗುಳ ಬಂತು. ಹಿಂದಿನಿಂದ ಯಾರೋ ನಕ್ಕರು. ತಿರುಗಿ ನೋಡಿದರೆ ಸಣಕಲು ಹುಡುಗ. ಎರಡೂ ಕೈಗಳಿಗೆ ಮೊಣಕೈಯವರೆಗೆ ಬ್ಯಾಂಡೇಜು.

“ಸರ್, ನಮ್ಮ ಕಡೇವ್ರೇನ್ರಿ?”

“ಹುನಗುಂದ. ನಿಂದೋ?”

“ನಮ್ದು ಐಹೊಳಿ ಹತ್ರರಿ. ಮಹಾಂತೇಶ ಅಂತ. ಎಂಜಿನ್ ಕೋಣ್ಯಾಗ ಇರ್ತೇನ್ರಿ.”

ಎಂಜಿನ್ ಕೋಣೆಯಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತ್ತು. ಬೆಂಕಿ ಹರಡದಿರಲೆಂದು ಇಂಥ ಹೊತ್ತಿನಲ್ಲಿ ಕೋಣೆಯ ಬಾಗಿಲನ್ನು ಹೊರಗಿನಿಂದ ಹಾಕಿಬಿಡುತ್ತಾರೆ. ಇವನು ಎಣ್ಣೆ ಕೊಳವೆಯ ಕಾದು ಕೆಂಪಾದ ಚಕ್ರವನ್ನು ಬರಿಗೈಯಲ್ಲಿ ತಿರುಗಿಸಿ ಎಣ್ಣೆ ಹರಿಯುವುದನ್ನು ನಿಲ್ಲಿಸಿದ್ದ. ಇದನ್ನು ಅವನು ಹೇಳಲಿಲ್ಲ, ಪಕ್ಕದವನು ಹೇಳಿದ. ತೀರ ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ಮೊದಲೇ ಒಯ್ದಿದ್ದರು. ಇವನನ್ನು ಹಡಗಿನ ಡಾಕ್ಟರರೇ ನೋಡಿಕೊಳ್ಳುತ್ತಿದ್ದರು.

“ನಾಳೆ ಅಪ್ಪ ಬರ್ತಾನ್ರಿ ದಂಡಿಗೆ, ಆಫೀಸಿನಿಂದ ಫೋನ್ ಮಾಡ್ಯಾರಂತ್ರಿ,” ಎಂದ ಮಹಾಂತೇಶ. “ಹೆಂಡ್ತೀನ್ನೂ ಕರ್ಕೊಂಡು. ನಾ ಸಮುದ್ರದಾಗ ಇದ್ದಾಗ ಮಗಳು ಹುಟ್ಟ್ಯಾಳ್ರಿ. ಇನ್ನಾ ಮಾರಿ ನೋಡಿಲ್ಲ. ನನ್ನ ಸ್ವಲ್ಪ ಮುಂದಿನ ಸಾಲಿಗೆ ಹಾಕ್ರಿ ಸರ್, ದೂರದಿಂದನ ಕಾಣ್ತಾರ.”

ಹಾಕಿದೆ. ಮುಂದಿನ ಸಾಲಿನ ನಡುವೆ ಹಾಕಿದೆ.

ಸಂಜೆ ಪರೇಡಿನ ಉಸ್ತುವಾರಿಯ ಸಾಹೇಬರು ಬಂದು ಸಾಲು ನೋಡಿದರು. ಮಹಾಂತೇಶನ ಮುಂದೆ ನಿಂತು ಹಿಂದಿಯಲ್ಲಿ, “ಇದೇನು?” ಎಂದರು. ಅವನ ಹೆಸರನ್ನು ಕೇಳಲಿಲ್ಲ, ಕೈಗೆ ಏನಾಯಿತೆಂದು ಕೇಳಲಿಲ್ಲ. “ಇವನಿಗೆ ಕೈಗವಸು ಹಿಡಿಸುವುದಿಲ್ಲ, ಸಲಾಮಿ ಹೊಡೆಯಲು ಬರುವುದಿಲ್ಲ. ಕ್ಯಾಮೆರಾ ಇಲ್ಲೇ ನಿಲ್ಲುತ್ತದೆ. ಬ್ಯಾಂಡೇಜಿನವರೆಲ್ಲ ನಾಳೆ ಕೆಳಗಿರಲಿ.”

“ಸರ್, ಗಾಯವಾದವರೇ ಮುಂದೆ ನಿಲ್ಲಬೇಕಲ್ಲವೇ? ಸ್ವಾಗತ ಯಾರಿಗೆ?” ಎಂದೆ.

“ಜನ ಸಂಭ್ರಮ ನೋಡಲು ಬರುತ್ತಾರೆ, ಆಸ್ಪತ್ರೆ ನೋಡಲು ಅಲ್ಲ,” ಎಂದರು.

ಮತ್ತೆ ವಾದಿಸಿದೆ. ಹಡಗಿನ ಕ್ಯಾಪ್ಟನ್ ಬೇರೆ ಕೆಲಸದಲ್ಲಿದ್ದರು, ಅವರನ್ನು ಕಾಣಲು ಬಿಡಲಿಲ್ಲ. ಹಗ್ಗ ಬಿಗಿಯುವವರೆಗೆ ಯಾರಿಗೂ ಫೋನು ಕೊಡುವಂತಿರಲಿಲ್ಲವಾದ್ದರಿಂದ ಮಹಾಂತೇಶ ಮನೆಯವರಿಗೆ ಸುದ್ದಿ ಮುಟ್ಟಿಸಲೂ ಆಗಲಿಲ್ಲ.  ಸಾಲಿನಿಂದ ಹೊರಗೆ ಸರಿದು ಏಣಿ ಇಳಿದು ಕೆಳಗೆ ಹೋದ. ಹೋಗುವಾಗ ಆ ಎರಡು ಬಿಳಿ ಕೈಗಳನ್ನು ಎದೆಗೆ ಒತ್ತಿಕೊಂಡಿದ್ದ.

ಮರುದಿನ ನಾನು ದಂಡೆಯ ಗಾರ್ಡಿನ ಜೊತೆಗಿದ್ದೆ. ಅತಿಥಿ ಬಂದರು, ತಡವಾಗಿಯೇ. ಹಡಗು ಮೆಲ್ಲಗೆ ಸರಿದು ಬಂತು. ಬ್ಯಾಂಡು ಬಾರಿಸುತ್ತಿತ್ತು. ಜನರನ್ನು ತಡೆಯಲು ಹಾಕಿದ್ದ ಕಟಾಂಜನದ ಆಚೆ ಮನೆಯವರೆಲ್ಲ ಕೂಗುತ್ತಿದ್ದರು. ಒಬ್ಬೊಬ್ಬರೂ ತಮ್ಮವನನ್ನು ಕಂಡು ಕೈ ಬೀಸುತ್ತಿದ್ದರು. ಆ ಗದ್ದಲದ ನಡುವೆ ನನ್ನ ಬೆನ್ನ ಹಿಂದೆ ನಮ್ಮ ಮಾತು ಕೇಳಿಸಿತು.

“ಎಲ್ಲಿ ಅದಾನವಾ? ಛಲೋತ್ನಂಗ ನೋಡು.”

“ಕಾಣವಲ್ರು ಮಾವಾರ.”

“ಆ ತುದಿಯಿಂದ ನೋಡ್ಕೋತ ಬಾ. ಒಬ್ಬೊಬ್ಬನ್ನ ನೋಡು.”

“ನೋಡಿದೆನ್ರಿ. ಎರಡು ಸಲ ನೋಡಿದೆ. ಇಲ್ರಿ.”

 ಆಗ ಆ ಮಾವನ ಮುದಿ ದನಿ ಎದ್ದಿತು. ಬ್ಯಾಂಡನ್ನೂ ಮೀರಿ ಎದ್ದಿತು. “ಸುಳ್ಳ ಹೇಳಿದ್ರಲ್ಲೋ! ಸಣ್ಣ ಪೆಟ್ಟಾಗೈತಿ ಬರ್ರಿ ಅಂತ ಫೋನ್ ಮಾಡಿ ಸುಳ್ಳ ಹೇಳಿದ್ರಲ್ಲೋ! ನನ್ನ ಮಗ ಎಲ್ಲಿ? ಎಲ್ಲಾರ್ನೂ ತಂದು ನನ್ನ ಮಗನ್ನ ಎಲ್ಲಿ ಬಿಟ್ಟು ಬಂದ್ರಿ?”

ಗಾರ್ಡಿನಲ್ಲಿರುವವನು ತಿರುಗಿ ನೋಡುವಂತಿಲ್ಲ. ನಾನು ತಿರುಗಿ ನೋಡಿದೆ. ತಲೆಗೆ ಪಟಗ ಸುತ್ತಿದ ಮುದುಕ ಕಟಾಂಜನ ಹಿಡಿದು ನೆಲಕ್ಕೆ ಕುಸಿದಿದ್ದ. ಹಸುಗೂಸನ್ನು ಎತ್ತಿಕೊಂಡ ಹೆಣ್ಣುಮಗಳು ಅಳುತ್ತಿರಲಿಲ್ಲ. ಬಾಯಿ ತೆರೆದು ಹಡಗನ್ನೇ ನೋಡುತ್ತಿದ್ದಳು. ಸುತ್ತಲಿನವರು ಹೂವು ಎರಚುತ್ತಲೇ ಇದ್ದರು. ಒಬ್ಬ ಕ್ಯಾಮೆರಾದವನು ಆ ಮುದುಕನ ಮುಖದ ಹತ್ತಿರಕ್ಕೇ ಬಗ್ಗಿದ್ದ.

ನಾನು ಸಾಲು ಬಿಟ್ಟು ಹೊರಟೆ. ಅತಿಥಿಯ ವೇದಿಕೆಯ ಮುಂದಿನ ಖಾಲಿ ಜಾಗವನ್ನು ಅಡ್ಡ ಹಾಯ್ದು ಕಟಾಂಜನದ ಹತ್ತಿರ ಹೋಗಿ ಮುದುಕನ ಭುಜ ಹಿಡಿದು ಅಲುಗಾಡಿಸಿದೆ.

“ಯಜಮಾನ್ರ, ಮಹಾಂತೇಶ ಜೀವಂತ ಅದಾನ್ರಿ. ನಿನ್ನಿ ನಾನಾ ಮಾತಾಡೇನಿ. ಕೈ ಸುಟ್ಟೈತಿ, ಅದಕ್ಕ ಕೆಳಗ ಕುಂದ್ರಿಸ್ಯಾರ.”

ಮುದುಕ ನನ್ನ ಮುಖ ನೋಡಿದ. ನಂಬಲಿಲ್ಲ. “ನೀವೂ ಹಂಗ ಹೇಳ್ತೀರಿ. ಸತ್ತವರ ಮನಿಗೂ ಮೊದಲು ಹಿಂಗಾ ಹೇಳ್ತಾರ. ತೋರಸ್ರಿ. ಖರೆ ಇದ್ರ ತೋರಸ್ರಿ.”

ಅಷ್ಟು ಹೊತ್ತಿಗೆ ಏಣಿ ಹಾಕಿದ್ದರು. ಅತಿಥಿ ಹತ್ತುವ ಮೊದಲೇ ನಾನು ಹತ್ತಿದೆ. ಯಾರೋ ನನ್ನ ತೋಳು ಹಿಡಿದರು, ಕೊಡವಿಕೊಂಡೆ. ಕೆಳಗೆ ಮಹಾಂತೇಶ ಬನಿಯನ್ನಿನಲ್ಲಿ ಒಂದು ಪೆಟ್ಟಿಗೆಯ ಮೇಲೆ ಕುಳಿತಿದ್ದ. ದಂಡೆಯ ಬ್ಯಾಂಡು ಅಲ್ಲಿಗೆ ಮಂದವಾಗಿ ಕೇಳುತ್ತಿತ್ತು. “ಏಳೋ ತಮ್ಮಾ,” ಎಂದೆ. ಬನಿಯನ್ನಿನಲ್ಲೇ ಕರೆದುಕೊಂಡು ಬಂದೆ. ಆ ಬಿಳಿ ಸಾಲಿನ ಮುಂದೆ ನಡೆಸಿಕೊಂಡು ಏಣಿ ಇಳಿಸಿದೆ. ಅತಿಥಿ ಕೆಳಗೆ ನಿಂತಿದ್ದರು. ನಾವು ಇಳಿಯುವುದನ್ನು ಕಂಡು ಬದಿಗೆ ಸರಿಯಲೇಬೇಕಾಯಿತು.

ಮಗನ ಕೈ ಹಿಡಿಯಲು ಹೋದ ಮುದುಕ ಬ್ಯಾಂಡೇಜು ಕಂಡು ಹಿಂದೆಗೆದ. ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಮುಖವನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿ ಕೂಸನ್ನು ಮುಂದೆ ಮಾಡಿದಳು. ಎತ್ತಿಕೊಳ್ಳಲು ಅವನಿಗೆ ಆಗಲಿಲ್ಲ. ಕಟಾಂಜನದ ಮೇಲೆ ಬಾಗಿ ಮೂಗಿನಿಂದ ಮಗಳ ನೆತ್ತಿಯ ವಾಸನೆ ತೆಗೆದುಕೊಂಡ.

ನನ್ನ ಮೇಲೆ ವಿಚಾರಣೆ ನಡೆಯಿತು. ಅತಿಥಿಗೆ ಅಗೌರವ, ಆಜ್ಞೆ ಮೀರಿದ್ದು, ಸಾಲು ಬಿಟ್ಟದ್ದು. ಎಲ್ಲಕ್ಕೂ ಹೌದು ಎಂದೆ. ಯಾಕೆ ಎಂದು ಕೇಳಿದಾಗ, “ಅವರಪ್ಪ ಮಗ ಸತ್ತನೆಂದು ಅಳುತ್ತಿದ್ದ, ಸರ್,” ಎಂದೆ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ. ಕವಾಯತಿನಿಂದ ತೆಗೆದು ನನ್ನನ್ನು ಹಗ್ಗ, ಬಣ್ಣಗಳ ದಾಸ್ತಾನಿಗೆ ಹಾಕಿದರು. ನಿವೃತ್ತಿಯವರೆಗೆ ಅಲ್ಲೇ ಇದ್ದೆ. ಬ್ಯಾಂಡೇಜಿನವರನ್ನು ಕೆಳಗೆ ಅಡಗಿಸಿದ ಸಾಹೇಬರಿಗೆ ಆ ಸ್ವಾಗತದ ವ್ಯವಸ್ಥೆಗಾಗಿ ಪ್ರಶಂಸೆ ಸಿಕ್ಕಿತು.  

ಮಹಾಂತೇಶನನ್ನು ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಕೂಸನ್ನು ಕರೆದುಕೊಂಡು ಸಂಬಂಧಿಕರ ಜೊತೆ ಊರಿಗೆ ಹೋದಳು. ತಂದೆ ಸಂಗಪ್ಪ ಮಗನಿಗೆ ಉಣಿಸಲು ಅಲ್ಲೇ ಉಳಿದ. ಕೆಲವು ವಾರಗಳ ನಂತರ ಮಹಾಂತೇಶನಿಗೆ ರಜೆ ಸಿಕ್ಕಾಗ ನಾನೂ ರಜೆ ಹಾಕಿ ಜೊತೆಗೆ ಹೊರಟೆ. ಇನ್ನು ಮನೆ ಸೇರಿದರೆ ಮುಗಿಯಿತು ಎಂದುಕೊಂಡಿದ್ದೆ.

ಬಾಗಲಕೋಟೆಯಲ್ಲಿ ರೈಲು ಇಳಿಯುವಾಗಲೇ ಸ್ವಾಗತ ಸಮಿತಿಯವರು ಕಾದಿದ್ದರು. ಇಳಕಲ್ಲಿನಲ್ಲಿ ವೇದಿಕೆ ಹಾಕಿದ್ದಾರಂತೆ, ಮೆರವಣಿಗೆ ಇದೆಯಂತೆ. ಸಂಗಪ್ಪ ಕೈ ಮುಗಿದು, “ಮೊದಲ ಮನಿಗೆ ಹೋಗಿ ಬರ್ತೇವ್ರಿ, ಇವನ ಅವ್ವ ಹಾದಿ ನೋಡಾಕತ್ಯಾಳ,” ಎಂದ. ಸಮಿತಿಯ ಅಧ್ಯಕ್ಷರು ನಕ್ಕು, “ಮನಿ ಎಲ್ಲಿಗೆ ಹೊಕ್ಕೈತಿ ಯಜಮಾನ್ರ? ಮಂದಿ ಬಿಸಲಾಗ ನಿಂತಾರ,” ಎಂದರು. ಬಿಳಿ ಉಡುಪು ಹಾಕಿಸಿ ಜೀಪು ಹತ್ತಿಸಿದರು. ಅಮೀನಗಡ ಬಂತು. ಐಹೊಳೆಯ ಹಾದಿ ಅಲ್ಲೇ ತಿರುಗುತ್ತದೆ. ಮಹಾಂತೇಶ ಆ ಹಾದಿಯ ಕಡೆ ಕುತ್ತಿಗೆ ತಿರುಗಿಸಿ ನೋಡಿದ. ಜೀಪು ನಿಲ್ಲಲಿಲ್ಲ. ಹುನಗುಂದ ದಾಟಿ ಇಳಕಲ್ಲಿಗೆ ಹೋಯಿತು.

ಇಳಕಲ್ಲಿನಲ್ಲಿ ರಸ್ತೆಯ ಎರಡೂ ಬದಿ ಬ್ಯಾನರುಗಳು. ಒಂದೊಂದರಲ್ಲೂ ಸಮಿತಿಯವರ ದೊಡ್ಡ ದೊಡ್ಡ ಮುಖ. ಮಹಾಂತೇಶ ಮೂಲೆಯಲ್ಲಿ ಅಂಚೆ ಚೀಟಿಯಷ್ಟು. ಅವನದೆಂದು ಹಾಕಿದ್ದ ಹಡಗಿನ ಚಿತ್ರ ಬೇರೆ ಯಾವುದೋ ದೇಶದ್ದು. ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಜನ ಖರೆ ಪ್ರೀತಿಯಿಂದಲೇ ಬಂದಿದ್ದರು. ಹೆಂಗಸರು ಆರತಿ ಹಿಡಿದು ನಿಂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಜೀಪಿನ ಮುಂದೆಯೇ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ಮೊದಲ ಸದ್ದಿಗೇ ಮಹಾಂತೇಶ ಜೀಪಿನೊಳಗೆ ಮುದುಡಿ ಬಿದ್ದ. ಬ್ಯಾಂಡೇಜಿನ ಕೈಗಳಿಂದ ತಲೆ ಮುಚ್ಚಿಕೊಂಡು, “ಬಾಗಿಲಾ ಹಾಕಬ್ಯಾಡ್ರಿ, ಒಳಗ ಮಂದಿ ಅದಾರ,” ಎಂದು ಒಂದೇ ಸಮ ಒದರತೊಡಗಿದ. ಮುಂದೆ ಕುಣಿಯುತ್ತಿದ್ದ ಕೆಲವರು ನಕ್ಕರು. ಯುದ್ಧ ಮಾಡಿ ಬಂದವನು ಪಟಾಕಿಗೆ ಹೆದರಿದನೆಂದು ನಕ್ಕರು. ಮೊಬೈಲುಗಳು ಮೇಲೆದ್ದವು.

ಪಕ್ಕದಲ್ಲಿ ನಡೆಯುತ್ತಿದ್ದ ಸಂಗಪ್ಪ ಜೀಪು ಹತ್ತಿ ಮಗನ ಮೇಲೆ ತನ್ನ ಧೋತರದ ಸೆರಗು ಹೊದಿಸಿದ. ಕಿವಿಯ ಹತ್ತಿರ ಬಾಗಿ, “ಏಳೋ ನನ್ನಪ್ಪಾ. ಸಾಕು. ಮನಿಗೆ ಹೋಗೂಣು,” ಎಂದ. ಇಬ್ಬರೂ ಸೇರಿ ಅವನನ್ನು ಇಳಿಸಿದೆವು. ಸ್ಟ್ಯಾಂಡಿನಲ್ಲಿ ಅಮೀನಗಡದ ಬಸ್ಸು ಹೊರಡುವುದರಲ್ಲಿತ್ತು. ಹತ್ತಿಸಿದೆವು. ಕಿಟಕಿಯ ಪಕ್ಕದಲ್ಲಿದ್ದ ಹೆಂಗಸೊಬ್ಬಳು ತಾನಾಗಿ ಎದ್ದು ಜಾಗ ಬಿಟ್ಟಳು. ಸಂಗಪ್ಪ ನನ್ನ ಕಡೆ ತಿರುಗಿ, “ಸಾಹೇಬ್ರ, ಇಲ್ಲಿ ನೀವು ನೋಡ್ಕೋರಿ, ನಾ ಇವನ್ನ ಕರ್ಕೊಂಡು ಹೊಕ್ಕೇನಿ,” ಎಂದ. ಬಸ್ಸು ಹೋಯಿತು.

ಮೆರವಣಿಗೆ ನಿಲ್ಲಲಿಲ್ಲ. ನೀವು ನಂಬಲಿಕ್ಕಿಲ್ಲ, ಖಾಲಿ ಜೀಪಿನ ಮೇಲೆ ಹೂವು ಬೀಳುತ್ತಲೇ ಇತ್ತು. ಹಿಂದಿನ ಜೀಪಿನಲ್ಲಿ ಅಧ್ಯಕ್ಷರು ಕೈ ಬೀಸುತ್ತಲೇ ಇದ್ದರು. ವೇದಿಕೆಯ ಹತ್ತಿರ ಹೋಗಿ ವಿಷಯ ಹೇಳಿದೆ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಒಂದು ಗಳಿಗೆ ಯೋಚಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀವೂ ನೇವಿಯವ್ರಾ ಅಲ್ರಿ? ಬರ್ರಿ, ನಿಮಗಾ ಶಾಲು ಹೊದಿಸ್ತೇವಿ. ಮಂದಿಗೇನ್ ಗೊತ್ತಾಕ್ಕೈತಿ?”

ಅವರ ಕೈಯಲ್ಲಿದ್ದ ಶಾಲನ್ನು ಕಸಿದು ಮುಖ್ಯ ಕುರ್ಚಿಯ ಮೇಲೆ ಒಗೆದೆ. “ಇದಕ್ಕ ಹೊದಸ್ರಿ. ನೀವು ಸ್ವಾಗತ ಮಾಡೂದು ಇದನ್ನಾ,” ಎಂದು ಇಳಿದು ಬಂದೆ. ಹಿಂದೆ ಮೈಕಿನಲ್ಲಿ ಭಾಷಣ ಶುರುವಾಯಿತು.

ಮುಂದಿನ ಬಸ್ಸು ಹಿಡಿದು ಅವರ ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಸಂಗಪ್ಪ ಒಬ್ಬನೇ ಕುಳಿತಿದ್ದ. ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಒಳಗೆ ಮಹಾಂತೇಶ ಕೌದಿಯ ಮೇಲೆ ಮಲಗಿದ್ದ. ಪಕ್ಕದಲ್ಲಿ ಕೂಸು. ಅವನ ಅವ್ವ ಬೀಸಣಿಗೆ ಬೀಸುತ್ತಿದ್ದಳು. ಹಡಗಿನಲ್ಲಿ ಬೆಂಕಿ ಬಿದ್ದಂದಿನಿಂದ ಅವನು ನೆಟ್ಟಗೆ ನಿದ್ದೆ ಮಾಡಿರಲಿಲ್ಲ ಎಂದು ಆಸ್ಪತ್ರೆಯ ನರ್ಸು ನನಗೆ ಹೇಳಿದ್ದರು. ಈಗ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ನಾನೂ ಕಟ್ಟೆಯ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಸಮಿತಿಯವರು ಎರಡು ಬೈಕು, ಒಂದು ಕಾರಿನಲ್ಲಿ ಬಂದರು. ಶಾಲು, ಹಾರ, ಫೋಟೊದವನು, ಎಲ್ಲ ಇದ್ದವು. ಸಂಗಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ.

“ಮಲಗ್ಯಾನ್ರಿ.”

“ಐದ ನಿಮಿಷ ಯಜಮಾನ್ರ. ಒಂದ ಫೋಟೊ. ಎಬ್ಬಸ್ರಿ.”

“ಎಬ್ಬಸಂಗಿಲ್ರಿ.”

“ಹಂಗಾದ್ರ ಯಾವಾಗ ಏಳ್ತಾನ? ನಾವು ಎಷ್ಟೊತ್ತು ನಿಂದ್ರೂನು?”

ಸಂಗಪ್ಪ ಬಾಗಿಲನ್ನು ಮೆಲ್ಲಗೆ ಮುಂದೆ ಎಳೆದುಕೊಂಡು, ಅದಕ್ಕೆ ಬೆನ್ನು ಹಚ್ಚಿ ಕುಳಿತ.

“ನಿಂದರ್ರಿ,” ಎಂದ. “ಅಂವಾ ನಿಮ್ಮ ಸಲುವಾಗಿ ಭಾಳ ನಿಂತಾನ.”